ಕಾಗದದ ಕಣ್ಣು

ಫೈಕ್ ಸೀಗೆ ಓರೆ ಕಂಡರೆ ಆಗುವುದಿಲ್ಲ. ಪೆನಾಂಗಿನ ಹತ್ತಿರದ ನಿಬಾಂಗ್ ತೆಬಾಲ್ ಊರಿನಲ್ಲಿ ಅವಳನ್ನು ಬಲ್ಲ ಯಾರನ್ನು ಕೇಳಿದರೂ ಮೊದಲು ಹೇಳುವ ಮಾತು ಇದೇ. ಯಾರ ಮನೆಗೆ ಹೋದರೂ ಗೋಡೆಯ ಕ್ಯಾಲೆಂಡರನ್ನು ಸರಿಮಾಡಿಯೇ ಕೂರುತ್ತಾಳೆ. ಒಮ್ಮೆ ಸಾವಿನ ಮನೆಯಲ್ಲಿ ಸತ್ತವರ ಫೋಟೋವನ್ನು ಒಂದು ಬೆರಳಿನಿಂದ ಮೆಲ್ಲಗೆ ನೇರ ಮಾಡಿದ್ದಳು. ಅತ್ತು ಅತ್ತು ಕಣ್ಣು ಕೆಂಪಾಗಿದ್ದ ಆ ಮನೆಯ ಸೊಸೆ ಕೂಡ ನಕ್ಕುಬಿಟ್ಟಳಂತೆ. ಫೈಕ್ ಸೀಯ ಅಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಸುಣ್ಣ ಹಚ್ಚಿದ ದಾರದ ಒಂದು ತುದಿ ಅಪ್ಪನ ಕೈಯಲ್ಲಿ, ಇನ್ನೊಂದು ತುದಿ ಇವಳ ಪುಟ್ಟ ಕೈಯಲ್ಲಿ. ಬಿಗಿಹಿಡಿದು ಮಿಡಿದರೆ ಹಲಗೆಯ ಮೇಲೆ ಬಿಳಿ ಗೆರೆ ಬೀಳುತ್ತಿತ್ತು. ಆ ಗೆರೆ ತಪ್ಪಿದರೆ ಅಕ್ಷರ ಎಷ್ಟೇ ಚೆಂದ ಬಂದಿರಲಿ, ಅಪ್ಪ ಒರೆಸಿ ಹಾಕುತ್ತಿದ್ದ. ಅಂಥವನ ಕೈಕೆಳಗೆ ಬೆಳೆದವಳಿಗೆ ಬೇರೆ ಬುದ್ಧಿ ಎಲ್ಲಿಂದ ಬರಬೇಕು.

ದೊಡ್ಡವಳಾದ ಮೇಲೆ ಅವಳು ಹಿಡಿದ ಕೆಲಸವೂ ಅದೇ ಜಾತಿಯದು. ದಾರದ ಬದಲು ಬೆಳಕು, ಅಷ್ಟೇ. ಹಳೆಯ ಕಟ್ಟಡದ ಮುಖದ ಮೇಲೆ, ಪ್ರತಿಮೆಗಳ ಮೇಲೆ, ಹೋಟೆಲಿನ ಮದುವೆ ಕೇಕಿನ ಮೇಲೆ ಕೂಡ, ಪ್ರೊಜೆಕ್ಟರಿನಿಂದ ಚಿತ್ರ ಬಿಡುವ ಕಂಪನಿಯೊಂದರಲ್ಲಿ ಅವಳಿದ್ದಳು. ಚಪ್ಪಟೆ ಪರದೆಯ ಮೇಲೆ ಚಿತ್ರ ಬಿಡುವುದು ಯಾರಿಗಾದರೂ ಬರುತ್ತದೆ. ಮೂಗು, ಕಿವಿ, ಭುಜ ಇರುವ ವಸ್ತುವಿನ ಮೇಲೆ ಬಿಡುವುದು ಹಾಗಲ್ಲ. ಮೊದಲು ವಸ್ತುವನ್ನು ಸುತ್ತಲಿಂದ ಸ್ಕ್ಯಾನ್ ಮಾಡಿ, ಲ್ಯಾಪ್‌ಟಾಪಿನಲ್ಲಿ ಅದರ ಪಡಿಯಚ್ಚು ಮಾದರಿ ಇಟ್ಟುಕೊಳ್ಳಬೇಕು. ಮಾದರಿಯ ಮೇಲೆ ಒಂದು ಜಾಗ ಆರಿಸಬೇಕು, ಮೂಗಿನ ತುದಿ ಅನ್ನಿ. ಆಗ ಪ್ರೊಜೆಕ್ಟರ್ ನಿಜವಾದ ವಸ್ತುವಿನ ಮೇಲೆ ಬೆಳಕಿನ ಒಂದು ಪ್ಲಸ್ ಗುರುತು ಬಿಡುತ್ತದೆ. ಅದನ್ನು ಸರಿಸಿ ಸರಿಸಿ ನಿಜವಾದ ಮೂಗಿನ ತುದಿಗೆ ತಂದು ನಿಲ್ಲಿಸಬೇಕು. ಹೀಗೆ ಬೇರೆ ಬೇರೆ ಆಳದಲ್ಲಿ, ಬೇರೆ ಬೇರೆ ಎತ್ತರದಲ್ಲಿ ಹಲವು ಗುರುತು ಕೂರಿಸಿದರೆ, ಪ್ರೊಜೆಕ್ಟರ್ ಎಲ್ಲಿ ನಿಂತು ಹೇಗೆ ನೋಡುತ್ತಿದೆ ಎಂದು ಯಂತ್ರಕ್ಕೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಕಣ್ಣಿಗೆ ಹಾಕಿದ ಬೆಳಕು ಕಣ್ಣಿಗೇ ಬೀಳುತ್ತದೆ, ಹಲ್ಲಿಗೆ ಹಾಕಿದ್ದು ಹಲ್ಲಿಗೇ. ಒಂದು ಗುರುತು ಸುಳ್ಳಾದರೂ ಎಲ್ಲ ಎಕ್ಕುಟ್ಟಿಹೋಗುತ್ತದೆ. ಎಲ್ಲಿ ಸುಳ್ಳಾಯಿತು ಎಂದು ಹುಡುಕಿ ತೆಗೆಯುವುದರಲ್ಲಿ ಫೈಕ್ ಸೀಯನ್ನು ಮೀರಿಸುವವರಿರಲಿಲ್ಲ.

ಅವಳ ಹೊಟ್ಟೆಯ ವಿಷಯ ಮಾತ್ರ ನೇರವಾಗಿರಲಿಲ್ಲ. ಎರಡು ಸಲ ಬಸಿರಾಗಿ ಎರಡು ಸಲವೂ ಹೋಗಿತ್ತು. ಎರಡು ಸಲವೂ ಅತ್ತೆಯ ಮಾತು ಕೇಳಿ ಕೆಲಸ ಬಿಟ್ಟು, ಮನೆಯಲ್ಲಿ ಕಾಲು ಚಾಚಿ ಕೂತು, ಕೋಳಿಸಾರು ಕುಡಿದು ಕಾದಿದ್ದಳು. ಎರಡು ಸಲವೂ ಐದನೆಯ ತಿಂಗಳಲ್ಲಿ, ಮಗು ಒಮ್ಮೆಯೂ ಮಿಸುಕದೆ, ಹೊರಟುಹೋಗಿತ್ತು. ಈಗ ಮೂರನೆಯದು. ಈ ಸಲ ಅವಳು ಗಂಡ ಕೋಕ್ ಲಿಯಾಂಗನಿಗೆ ಬಿಟ್ಟು ಯಾರಿಗೂ ಬಾಯಿಬಿಡಲಿಲ್ಲ. ಸಡಿಲ ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಐದನೆಯ ತಿಂಗಳು ನಡೆಯುತ್ತಿತ್ತು. ಮಗು ಇನ್ನೂ ಮಿಸುಕಿರಲಿಲ್ಲ.

ಆಗಲೇ ಮಾರುಕಟ್ಟೆ ಸಮಿತಿಯವರಿಗೆ ಹೊಸ ಹುಚ್ಚು ಹಿಡಿದದ್ದು. ಚೀನೀ ಲೆಕ್ಕದ ಏಳನೆಯ ತಿಂಗಳಿಗೆ ಪಾತಾಳದ ಬಾಗಿಲು ತೆರೆಯುತ್ತದೆ, ಹಸಿದವರು ಊಟಕ್ಕೆ ಬರುತ್ತಾರೆ. ಅವರನ್ನು ಪ್ರೇತ ಎಂದು ಈ ಊರಲ್ಲಿ ಯಾರೂ ಅನ್ನುವುದಿಲ್ಲ, ‘ಒಳ್ಳೇ ಅಣ್ಣತಮ್ಮಂದಿರು’ ಅನ್ನುತ್ತಾರೆ. ಅವರಿಗೆ ಬೇಜಾರಾಗಬಾರದಲ್ಲ. ಅವರನ್ನು ಹದ್ದುಬಸ್ತಿನಲ್ಲಿಡುವ ದೊರೆ ತಾಯ್ ಸೂ ಯಾ. ಬಿದಿರು ಮತ್ತು ಬಣ್ಣದ ಕಾಗದದಲ್ಲಿ ಅವನನ್ನು ಮೂರಾಳು ಎತ್ತರ ಕಟ್ಟುತ್ತಾರೆ. ನೀಲಿ ಮುಖ, ಕೋರೆಹಲ್ಲು, ಉಬ್ಬುಗಣ್ಣು, ಎದೆಗಿಳಿದ ಕೆಂಪು ನಾಲಗೆ. ಪೂಜೆಯೆಲ್ಲ ಮುಗಿದ ರಾತ್ರಿ ಸುಟ್ಟುಬಿಡುತ್ತಾರೆ, ಮರುವರ್ಷ ಮತ್ತೆ ಹೊಸಬ ಬರುತ್ತಾನೆ. ಆ ವರ್ಷ ಸಮಿತಿಯ ಖೋರ್ ತೌಕೆಗೆ, ಅಂದರೆ ಮೀನಿನ ದೊಡ್ಡ ವ್ಯಾಪಾರಿ ಖೋರ್‌ಗೆ, ದೊರೆಯ ಮೈಮೇಲೆ ಬೆಳಕಿನ ಜ್ವಾಲೆ ಆಡಿಸಬೇಕು, ಕಣ್ಣಲ್ಲಿ ಕಿಡಿ ಹಾರಿಸಬೇಕು ಎಂದು ಆಸೆಯಾಯಿತು. ಪಕ್ಕದ ಊರಿನವರ ಹೊಟ್ಟೆ ಉರಿಯಬೇಕು ಎನ್ನುವ ಆಸೆಯೂ ಇತ್ತು. ಕೆಲಸ ಫೈಕ್ ಸೀಯ ಕಂಪನಿಗೆ ಬಂತು.

ದೊರೆಯನ್ನು ನಿಲ್ಲಿಸುವ ಚಪ್ಪರದ ಕೆಳಗೆ ಬಸುರಿ ಕಾಲಿಡಬಾರದು. ಇದು ಫೈಕ್ ಸೀಗೆ ಗೊತ್ತಿಲ್ಲದ್ದೇನಲ್ಲ.

“ಬೇಡ ಅಂತ ಹೇಳ್ಬಾರ್ದಾ?” ಎಂದ ಕೋಕ್ ಲಿಯಾಂಗ್. ಬೈಕ್ ರಿಪೇರಿಯ ಅಂಗಡಿ ಅವನದು. ಯಾವಾಗಲೂ ಗ್ರೀಸು ಕೈಯನ್ನು ಒರೆಸಿಕೊಳ್ಳುತ್ತಲೇ ಮಾತಾಡುತ್ತಿದ್ದ.

“ಬೇಡ ಅಂದ್ರೆ ಯಾಕೆ ಅಂತ ಕೇಳ್ತಾರೆ. ಏನ್ ಹೇಳ್ಲಿ?”

“ಹುಷಾರಿಲ್ಲ ಅನ್ನು.”

“ಮನೇಲಿ ಕೂರು ಅಂತ ತಾನೇ ನೀನು ಹೇಳೋದು? ಎರಡು ಸಲ ಕೂತೆ ಕಣೋ. ಕೂತು ಕೂತು ಏನು ಕಂಡೆ? ನನ್ನಿಂದಾಗಲ್ಲ.”

ಅವನು ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೊರಟ.

ಮೊದಲ ಸಂಜೆಯೇ ಕೆಲಸ ಕೈಕೊಟ್ಟಿತು. ಗುರುತುಗಳನ್ನೆಲ್ಲ ಕೂರಿಸಿ ಮಾದರಿಯ ಗೆರೆಬಲೆಯನ್ನು, ಅಂದರೆ ಅದರ ಆಕಾರದ ಬೆಳಕಿನ ಗೆರೆಗಳನ್ನು, ದೊರೆಯ ಮೇಲೆ ಬಿಟ್ಟರೆ, ಕಾಲು ಸೊಂಟ ಸರಿಯಾಗಿ ಕೂತವು, ಎದೆಯಿಂದ ಮೇಲಕ್ಕೆ ಬಲೆ ತೇಲಿಕೊಂಡು ಹಿಂದಕ್ಕೆ ಹೋಯಿತು. ಕೋರೆಹಲ್ಲಿನ ಬೆಳಕು ಕಿರೀಟಕ್ಕೆ ಬಿತ್ತು.

“ಕಾಕ್, ನಿಮ್ ದೊರೆ ಪೋಸ್ ಕೊಡ್ತಿಲ್ಲ,” ಎಂದ ಜುಲ್. ಕಂಪನಿಯಲ್ಲಿ ಚಿತ್ರ ಮಾಡುವವನು ಅವನು, ಇವಳನ್ನು ತನ್ನ ಮಲಯ್ ಮಾತಿನಲ್ಲಿ ‘ಕಾಕ್’, ಅಕ್ಕ, ಎಂದೇ ಕರೆಯುತ್ತಿದ್ದ.

“ಬಾಯ್ಮುಚ್ಚಿ ಕೇಬಲ್ ನೋಡು. ಪ್ರೊಜೆಕ್ಟರಲ್ಲಿ ಚಿತ್ರ ತಾನಾಗೇ ನೇರ ಮಾಡೋ ಆಯ್ಕೆ ಆಫ್ ಇದ್ಯಾ?”

“ಆಫ್.”

“ಬಿಸಿಯಾಗಿದ್ಯಾ?”

“ನಾವ್ ಬಂದಾಗಿಂದ ಉರೀತಾನೇ ಇದೆ. ನನಗಿಂತ ಬಿಸಿಯಾಗಿದೆ.”

ಪ್ರೊಜೆಕ್ಟರ್ ಬಿಸಿಯೇರುವಾಗ ಮಸೂರ ಕೂದಲೆಳೆಯಷ್ಟು ಜರುಗುತ್ತದೆ, ಅದಕ್ಕೆ ಮುಂಚೆ ಕೂರಿಸಿದ ಗುರುತು ಆಮೇಲೆ ಸುಳ್ಳಾಗುತ್ತದೆ. ಅದಲ್ಲ. ಅವಳು ಗುರುತುಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಯಾವುದನ್ನು ತೆಗೆದರೂ ತಲೆ ಹಿಂದಕ್ಕೇ ಹೋಗುತ್ತಿತ್ತು. ಹಾಗಾದರೆ ಸುಳ್ಳು ಗುರುತಿನಲ್ಲಿಲ್ಲ, ಮಾದರಿಯಲ್ಲಿದೆ. “ಸ್ಕ್ಯಾನ್ ಮಾಡಿದಾಗ ಇವನು ನಿಂತಿದ್ನಾ, ಮಲಗಿದ್ನಾ?” ಎಂದು ಕೇಳಿದಳು. ಜುಲ್ ನಾಲಗೆ ಕಚ್ಚಿಕೊಂಡ. ಕಟ್ಟುವ ಶೆಡ್ಡಿನಲ್ಲಿ ದೊರೆ ಅಂಗಾತ ಮಲಗಿದ್ದಾಗ ಅವನು ಸ್ಕ್ಯಾನ್ ಮಾಡಿ ತಂದಿದ್ದ. ಮಲಗಿದಾಗ ನೆಟ್ಟಗಿದ್ದ ಬಿದಿರು, ಎದ್ದು ನಿಂತ ಮೇಲೆ ತಲೆಯ ಭಾರಕ್ಕೆ ಮುಂದಕ್ಕೆ ಬಾಗಿತ್ತು. ಮರುದಿನ ಹಗಲಿನಲ್ಲಿ ನಿಂತ ದೊರೆಯನ್ನೇ ಸುತ್ತಲಿಂದ ಸ್ಕ್ಯಾನ್ ಮಾಡಬೇಕಾಯಿತು.

ಅದಕ್ಕೊಂದು ಅಡ್ಡಿಯಿತ್ತು. ದೊರೆಯ ಕಣ್ಣಿಗೆ ಕೆಂಪು ಬಟ್ಟೆ ಕಟ್ಟಿತ್ತು. ಪುರೋಹಿತ ಬಂದು ಕುಂಚದಲ್ಲಿ ಕೆಂಪು ಬೊಟ್ಟಿಟ್ಟು ಕಣ್ಣು ತೆರೆಸುವವರೆಗೆ ಅದು ಬರೀ ಕಾಗದ, ಆಮೇಲೆ ದೊರೆ. ಅಲ್ಲಿಯವರೆಗೆ ಬಟ್ಟೆ ಬಿಚ್ಚುವ ಪದ್ಧತಿಯಿಲ್ಲ. ಫೈಕ್ ಸೀ ಖೋರ್ ತೌಕೆಯನ್ನು ಕೇಳಿದಳು. “ಬಿಚ್ಚದೆ ಅಳತೆ ಹೆಂಗಮ್ಮ ತಗೋತೀಯ? ಬಿಚ್ಚು, ಬಿಚ್ಚು. ಕಣ್ಣೇ ಇಲ್ದಿರೋದಕ್ಕೆ ಬಟ್ಟೆ ಯಾಕೆ,” ಎಂದು ಅವನು ಫೋನಿನಲ್ಲಿ ಮೀನಿನ ದರ ಮಾತಾಡುತ್ತಲೇ ಹೇಳಿಬಿಟ್ಟ.

ಬಟ್ಟೆ ಬಿಚ್ಚಿದಾಗ ಒಳಗೆ ಎರಡು ದೊಡ್ಡ ಬಿಳಿ ಉಂಡೆಗಳು. ಅರ್ಧ ತೆಂಗಿನ ಚಿಪ್ಪಿನ ಮೇಲೆ ಕಾಗದ ಅಂಟಿಸಿದ ಕಣ್ಣುಗಳು. ನಡುವೆ ಪೆನ್ಸಿಲಿನ ಸಣ್ಣ ಚುಕ್ಕೆ, ಪುರೋಹಿತನ ಬೊಟ್ಟು ಅತ್ತಿತ್ತ ಹೋಗದಿರಲಿ ಎಂದು ಕಟ್ಟಿದವನು ಇಟ್ಟದ್ದು.

ಆ ಸಂಜೆ ಅವಳು ಹೊಸ ಮಾದರಿ ಇಟ್ಟುಕೊಂಡು ಕೂತಳು. ಮೈಯೆಲ್ಲ ದುಂಡು ದುಂಡಾದ ದೊರೆಯ ಮೇಲೆ ಚೂಪಾದ ಜಾಗ ಸಿಗುವುದು ಕಷ್ಟ. ಕೋರೆಹಲ್ಲಿನ ತುದಿ ಸಿಕ್ಕಿತು, ಕಿರೀಟದ ಬಾವುಟ ಸಿಕ್ಕಿತು, ಉಗುರು ಸಿಕ್ಕಿತು. ಮುಖದ ನಡುವೆ ಮಾತ್ರ ನೆಚ್ಚಬಹುದಾದದ್ದು ಏನೂ ಇಲ್ಲ, ಆ ಎರಡು ಪೆನ್ಸಿಲ್ ಚುಕ್ಕೆ ಬಿಟ್ಟರೆ. ಫೋನಿನ ಕ್ಯಾಮೆರಾ ಹಿಗ್ಗಿಸಿ ನೋಡಿದರೆ ಸ್ಪಷ್ಟವಾಗಿ ಕಾಣುತ್ತಿದ್ದವು. ಬಿಳಿಯ ಮೇಲೆ ಬಿಳಿ ಪ್ಲಸ್ ಕಾಣಲಿಲ್ಲ. ಬಣ್ಣ ಬದಲಿಸಿದಳು. ಕೆಂಪು ಚೆನ್ನಾಗಿ ಕಂಡಿತು.

ಎಡಗಣ್ಣಿನ ಚುಕ್ಕೆಯ ಮೇಲೆ ಕೆಂಪು ಪ್ಲಸ್ ತಂದು ನಿಲ್ಲಿಸಿದಳು, ಆಮೇಲೆ ಬಲಗಣ್ಣಿನ ಮೇಲೆ. ಗೆರೆಬಲೆ ಬಿಟ್ಟಳು. ಉಗುರಿನಿಂದ ಬಾವುಟದವರೆಗೆ ಒಂದು ಎಳೆ ತಪ್ಪದೆ ಕೂತುಕೊಂಡಿತು. ಅಂಥ ಹೊಂದಿಕೆ ಅವಳು ಹೋಟೆಲಿನ ಕೇಕಿನ ಮೇಲೂ ಕಂಡಿರಲಿಲ್ಲ. ಖುಷಿಗೆ ಗುರುತುಗಳನ್ನೆಲ್ಲ ಒಟ್ಟಿಗೆ ಬೆಳಗಿಸಿ ನೋಡುತ್ತಾ ಕೂತಳು.

ಹಿಂದೆ ಗಾಜಿನ ಲೋಟ ಬೆಂಚಿನ ಮೇಲೆ ಕುಕ್ಕಿದ ಸದ್ದಾಯಿತು. ದೊರೆಯನ್ನು ಕಟ್ಟಿದ ಮುದುಕ, ಸೂ ಪೆಕ್, ಕಾಫಿ ಹಿಡಿದು ನಿಂತಿದ್ದ. ಪೆಕ್ ಅಂದರೆ ದೊಡ್ಡಪ್ಪ. ಊರಿಗೆಲ್ಲ ದೊಡ್ಡಪ್ಪನೇ ಅವನು.

“ಆರ್ಸು,” ಎಂದ.

“ಯಾಕೆ ಪೆಕ್, ಚೆನ್ನಾಗಿ ಕೂತಿದೆ ನೋಡಿ.”

“ಆರ್ಸಮ್ಮ ಅಂದ್ನಲ್ಲ.”

ಅವಳು ಆರಿಸಿದಳು. ಮುದುಕ ಚಪ್ಪರದ ತಗಡನ್ನೇ ನೋಡುತ್ತಾ ಮಾತಾಡಿದ, ದೊರೆಯ ಕಡೆ ತಿರುಗಲಿಲ್ಲ. “ಕಣ್ಣಿಗೆ ಕೆಂಪಿಡೋನು ಪುರೋಹಿತ. ಅವನೂ ಎದುರಿಗೆ ನಿಲ್ಲಲ್ಲ, ಪಕ್ಕದಲ್ಲಿ ನಿಂತು ಕೈ ಚಾಚಿ ಇಡ್ತಾನೆ. ಎದುರಿಗೆ ನಾನು ಕನ್ನಡಿ ಹಿಡೀತೀನಿ. ಮೊದಲ್ನೇ ನೋಟ ಕನ್ನಡೀಗೆ ಬೀಳ್ಬೇಕು, ಮನುಷ್ಯರ ಮೇಲಲ್ಲ. ಈ ಸ್ಟೂಲ್ ಮೇಲೆ ಯಾರ್ ಕೂತಿದ್ರು?”

“ನಾನೇ ಕೂತಿದ್ದೆ. ಪೆಕ್, ಇದು ಬೆಳಕು. ಬಣ್ಣ ಅಲ್ಲ. ಆರಿಸಿದ್ರೆ ಏನೂ ಉಳಿಯಲ್ಲ.”

“ನೀನೊಬ್ಳೇನಾ?”

ಫೈಕ್ ಸೀ ಸಡಿಲ ಅಂಗಿಯನ್ನು ಮುಂದಕ್ಕೆ ಎಳೆದುಕೊಂಡಳು. “ಒಬ್ಳೇ,” ಎಂದಳು. ಮುದುಕ ಕಾಫಿಯನ್ನು ಅಲ್ಲೇ ಬಿಟ್ಟು ಹೋದ, ಹೋಗುವ ಮುಂಚೆ ಏಣಿ ಹತ್ತಿ ದೊರೆಯ ಕಣ್ಣಿಗೆ ಬಟ್ಟೆ ಕಟ್ಟಿದ.

ಮಾರನೆಯ ಸಂಜೆ ಬಟ್ಟೆ ಬಿಚ್ಚಿ ನೋಡಿದರೆ, ಬಾವುಟ ಸರಿ, ಹಲ್ಲು ಸರಿ, ಉಗುರು ಸರಿ. ಕಣ್ಣಿನ ಎರಡು ಗುರುತು ಮಾತ್ರ ಪೆನ್ಸಿಲ್ ಚುಕ್ಕೆಯಿಂದ ತಪ್ಪಿದ್ದವು. ಅವಳು ಫೋನ್ ಹಿಗ್ಗಿಸಿ ನೋಡಿದಳು. ಗುರುತು ಜರುಗಿರಲಿಲ್ಲ. ಚುಕ್ಕೆಗಳು ಜರುಗಿದ್ದವು. ಎರಡೂ ಒಂದು ಬೆರಳಿನಷ್ಟು ಕೆಳಗೆ, ಸ್ವಲ್ಪ ಎಡಕ್ಕೆ.

“ಅಂಟು ಬಿಟ್ಟಿರ್ಬೇಕು ಕಾಕ್. ಈ ಸೆಕೆಗೆ ನಾನೇ ಕರಗ್ತಿದ್ದೀನಿ,” ಎಂದ ಜುಲ್.

ಇರಬಹುದು ಎಂದುಕೊಂಡಳು. ಹೊಸ ಜಾಗಕ್ಕೆ ಗುರುತು ಕೂರಿಸಿದಳು. ಊದುಬತ್ತಿಯ ಹೊಗೆ ಮುಖಕ್ಕೆ ಬರುತ್ತಿದೆಯೆಂದು ಸ್ಟೂಲನ್ನು ಬಲಗಡೆಯ ಕಂಬದ ಹತ್ತಿರಕ್ಕೆ ಎಳೆದುಕೊಂಡಳು. ಮರುದಿನ ಬಂದು ನೋಡಿದರೆ ಚುಕ್ಕೆಗಳು ಬಲಕ್ಕೆ ಬಂದಿದ್ದವು.

ಸ್ಟೂಲು ಹೋದ ಕಡೆಗೇ. ಆದರೂ ಅವಳು ಬೋರ್ಡು ಬರೆಯುವವನ ಮಗಳು, ಗೆರೆ ಎಳೆಯದೆ ಒಪ್ಪುವವಳಲ್ಲ. ಮೇಲೆ ಹೋಗಿ ಕಣ್ಣು ಅಲ್ಲಾಡಿಸಿ ನೋಡು ಎಂದು ಜುಲ್‌ಗೆ ಹೇಳಿದಳು. ಅವನು ಏಣಿ ಹತ್ತಿ ತೆಂಗಿನ ಚಿಪ್ಪನ್ನು ಹಿಡಿದು ತಿರುಗಿಸಲು ನೋಡಿದ. “ಕಲ್ಲಿನ ಥರ ಕೂತಿದೆ ಕಾಕ್,” ಎಂದವನು ಕೆಳಗಿಳಿದು, ಕೈಯನ್ನು ಪ್ಯಾಂಟಿಗೆ ಉಜ್ಜಿಕೊಂಡ. ಆಮೇಲೆ ಅವನು ತಮಾಷೆ ಮಾಡಲಿಲ್ಲ.

ಅವಳು ಮಾದರಿಯಲ್ಲಿ ಚಪ್ಪರವನ್ನೂ ಕಂಬಗಳನ್ನೂ ಸ್ಟೂಲನ್ನೂ ಅಳತೆಯಂತೆ ಇಟ್ಟಳು. ಒಂದೊಂದು ಕಣ್ಣುಗುಡ್ಡೆಯ ನಡುವಿನಿಂದ ಹೊರಟು, ಚುಕ್ಕೆ ಈಗಿರುವ ಜಾಗವನ್ನು ಹಾಯ್ದು ಹೋಗುವಂತೆ ಒಂದೊಂದು ಗೆರೆ ಎಳೆದು ಮುಂದಕ್ಕೆ ಬಿಟ್ಟಳು. ಕಣ್ಣು ಎತ್ತ ನೋಡುತ್ತದೆ ಎಂದು ತಿಳಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಎರಡು ಗೆರೆಗಳೂ ಪ್ರೊಜೆಕ್ಟರಿನ ಪಕ್ಕದಿಂದ ಹಾದು, ಕಂಬದ ಹತ್ತಿರದ ಸ್ಟೂಲಿನ ಮೇಲೆ ಒಂದನ್ನೊಂದು ಕೂಡಿಕೊಂಡವು. ಕೂತವಳ ಮುಖದ ಎತ್ತರದಲ್ಲಲ್ಲ, ಅದಕ್ಕಿಂತ ಕೆಳಗೆ. ಅವಳು ಪರದೆ ನೋಡುತ್ತಾ, ತನಗೆ ಗೊತ್ತಿಲ್ಲದೆಯೇ, ಎರಡು ಕೈಯನ್ನೂ ಹೊಟ್ಟೆಯ ಮೇಲೆ ಅಡ್ಡ ಇಟ್ಟುಕೊಂಡಳು.

ಚಪ್ಪರದ ಫ್ಯಾನ್ ತಿರುಗುತ್ತಿತ್ತು. ಬಾವುಟಗಳು ಅಲ್ಲಾಡುತ್ತಿದ್ದವು. ದೊರೆಯ ಮುಖ ಅಲ್ಲಾಡುತ್ತಿರಲಿಲ್ಲ. ಅವಳಿಗೆ ಅಂಥ ಹೆದರಿಕೆ ಹಿಂದೆ ಆದದ್ದು ಎರಡೇ ಸಲ, ಎರಡೂ ಆಸ್ಪತ್ರೆಯಲ್ಲಿ.

ಸೂ ಪೆಕ್ ಶೆಡ್ಡಿನಲ್ಲಿ ಕೂತು ಕಾಗದದ ಕುದುರೆಗೆ ಬಾಲ ಅಂಟಿಸುತ್ತಿದ್ದ. ಅವಳು ಅವನೆದುರು ಕೂತು, “ಪೆಕ್, ನಾನೊಬ್ಳೇ ಇರ್ಲಿಲ್ಲ,” ಎಂದಳು.

ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಗೋಂದಿನ ಡಬ್ಬಿಗೆ ಮುಚ್ಚಳ ಹಾಕಿ, “ಎಷ್ಟನೇ ತಿಂಗ್ಳು?” ಎಂದ.

“ಐದು. ಮುಂಚೆ ಎರಡು ಹೋಗಿದೆ. ಇದು ಇನ್ನೂ ಮಿಸುಕಿಲ್ಲ. ಪೆಕ್, ಅವನು ಇದನ್ನ ತಗೊಂಡ್ಹೋಗ್ತಾನಾ?”

“ಅವನಿಗೆ ಮಕ್ಳನ್ನ ತಗೊಂಡ್ಹೋಗೋ ಕೆಲಸ ಇಲ್ಲಮ್ಮ. ಯಾರೂ ದಿಕ್ಕಿಲ್ದೋರಿಗೆ ಊಟ ಹಾಕ್ಸೋನು ಅವನು. ಆದ್ರೆ ಮೊದಲ ನೋಟ ಬಿದ್ದದ್ದನ್ನ ಅವನು ಬಿಡಲ್ಲ, ಅದು ತನ್ನದು ಅನ್ಕೋತಾನೆ. ನೀನು ಸುಮ್ಮನಿದ್ರೆ ಅದು ಅವನ ಕಡೆಯ ಅಣ್ಣತಮ್ಮಂದಿರಲ್ಲಿ ಒಂದಾಗತ್ತೆ. ಬಾಯ್ಬಿಟ್ಟು ಕೊಟ್ರೆ ಸಾಕುಮಗು ಆಗತ್ತೆ. ಕರುಣೆಯ ದೇವಿ ಕ್ವಾನ್ ಇಮ್‌ಗೆ ಕೊಡ್ತಾರಲ್ಲ ಸಾಕುಮಕ್ಕಳಾಗಿ, ಹಾಗೆ. ವರ್ಷಕ್ಕೊಂದ್ಸಲ ಕರ್ಕೊಂಡ್ಬಂದು ಕೆಂಪು ದಾರ ಬದಲಾಯಿಸ್ಕೊಂಡು ಹೋಗ್ಬೇಕು.”

“ಇವನಿಗೆ ಯಾರಾದ್ರೂ ಕೊಟ್ಟಿದಾರಾ?”

“ನಾನಂತೂ ಕೇಳಿಲ್ಲ.”

“ತಿಂಗಳ ಕೊನೇಲಿ ಸುಟ್ಟುಹಾಕ್ತೀರಲ್ಲ ಪೆಕ್. ಅದೆಂಥ ಅಪ್ಪ?”

“ಮರುವರ್ಷ ತಪ್ಪದೆ ಬರ್ತಾನಲ್ಲ. ನನ್ನಪ್ಪ ಬ್ಯಾಂಕಾಕಿಗೆ ಹೋಗಿ ಬರ್ತೀನಿ ಅಂದೋನು ಇವತ್ತಿಗೂ ಬಂದಿಲ್ಲ,” ಎಂದು ಮುದುಕ ನಕ್ಕ. ನಕ್ಕು ಗಂಭೀರನಾದ. “ಕಣ್ಣು ತೆರೆಸೋ ದಿನ, ಎಲ್ಲರೆದುರಿಗೆ, ಜೋರಾಗಿ ಹೇಳ್ಬೇಕು. ಗುಟ್ಟಾಗಿ ಕೊಟ್ಟದ್ದು ಕೊಟ್ಟ ಹಾಗಲ್ಲ.”

ಕೋಕ್ ಲಿಯಾಂಗ್ ಇದನ್ನು ಕೇಳಿ ಊಟದ ತಟ್ಟೆ ಸರಿಸಿದ. “ನನ್ನ ಮಗೂನ ಸುಡೋ ಗೊಂಬೆಗೆ ಕೊಡ್ಬೇಕಾ?” ಎಂದ. ಅವಳು ಲ್ಯಾಪ್‌ಟಾಪ್ ತೆರೆದು ಆ ಎರಡು ಗೆರೆಗಳನ್ನು ತೋರಿಸಿದಳು. ಅವನು ತುಂಬ ಹೊತ್ತು ನೋಡಿದ. ಇಂಜಿನ್ನಿನಲ್ಲಿ ಸದ್ದು ಎಲ್ಲಿಂದ ಬರುತ್ತದೆ ಎಂದು ಹುಡುಕುವವನು ಅವನು, ಕಂಡದ್ದನ್ನು ಇಲ್ಲ ಅನ್ನಲಾರ. “ನಾನೂ ಪಕ್ಕದಲ್ಲಿ ನಿಂತ್ಕೋತೀನಿ,” ಎಂದ ಕೊನೆಗೆ.

ಕಣ್ಣು ತೆರೆಸುವ ದಿನ ಚಪ್ಪರ ಕಿಕ್ಕಿರಿದಿತ್ತು. ಸೂ ಪೆಕ್ ದೊಡ್ಡ ದುಂಡು ಕನ್ನಡಿ ಎತ್ತಿ ಹಿಡಿದ. ಪುರೋಹಿತ ಏಣಿಯ ಮೇಲೆ ಕುಂಚ ಅದ್ದಿದ. ಆಗ ಫೈಕ್ ಸೀ ಮುಂದೆ ಬಂದು, ತನ್ನ ಹೆಸರು, ಗಂಡನ ಹೆಸರು, ಮನೆ ಇರುವ ಬೀದಿ ಹೇಳಿ, ಹೊಟ್ಟೆಯಲ್ಲಿರುವ ಮಗುವನ್ನು ಸಾಕುಮಗುವಾಗಿ ಕೊಟ್ಟಿದ್ದೇನೆ, ನೋಡಿಕೊ ಎಂದಳು. ಎಲ್ಲರಿಗೂ ಕೇಳಿಸಿತು. ಪುರೋಹಿತ ಬೊಟ್ಟಿಟ್ಟ. ಪೆನ್ಸಿಲ್ ಚುಕ್ಕೆಗಳು ನಡುವಿನಲ್ಲೇ ಇದ್ದವು ಎಂದು ಅವನು ಆಮೇಲೆ ಹೇಳಿದ. ತಾನು ಅವು ಜರುಗಿದ್ದನ್ನೇ ನೋಡಿಲ್ಲ ಎಂದೂ ಹೇಳಿದ.

ಖೋರ್ ತೌಕೆಯ ಮುಖ ದೊರೆಯ ಮುಖಕ್ಕಿಂತ ನೀಲಿಯಾಯಿತು. “ಬಸುರೀನ ಚಪ್ಪರದೊಳಗೆ ಬಿಟ್ಟೋರ್ಯಾರು? ಊರಿಗೆ ಕೇಡು ತರ್ತೀಯಾ?” ಎಂದು ಕೂಗಾಡಿದ. ಬಟ್ಟೆ ಬಿಚ್ಚು ಅಂದವನು ತಾನೇ ಎಂಬುದು ಅವನಿಗೆ ನೆನಪಿರಲಿಲ್ಲ. ಫೈಕ್ ಸೀಯನ್ನು ಹೊರಗೆ ಕಳಿಸಿದರು. ಅವಳು ಹೋಗುವ ಮುಂಚೆ ಕಣ್ಣಿನ ಎರಡು ಗುರುತನ್ನು ಅಳಿಸಿ, ಉಳಿದ ಗುರುತುಗಳ ಮೇಲೆ ಹೊಂದಿಕೆ ಮಾಡಿ, ಜುಲ್ ಕೈಗೆ ಕೊಟ್ಟಳು. ಆ ವರ್ಷ ದೊರೆಯ ಮೈಯೆಲ್ಲ ಬೆಂಕಿ ಆಡಿತು, ಕಣ್ಣಿಗೆ ಮಾತ್ರ ಬೆಳಕು ಬೀಳಲಿಲ್ಲ. ಕಿಡಿ ಹಾರುವುದಕ್ಕಿಂತ ಇದೇ ಭಯ ಹುಟ್ಟಿಸುತ್ತದೆ ಎಂದು ಪಕ್ಕದ ಊರಿನವರೂ ಒಪ್ಪಿದರು.

ದೊರೆಯನ್ನು ಸುಟ್ಟ ರಾತ್ರಿ ಅವಳು ಮನೆಯಲ್ಲಿ ಕಿಟಕಿಯ ಪಕ್ಕ ಮಲಗಿದ್ದಳು. ಮಾರುಕಟ್ಟೆಯ ಕಡೆ ಆಕಾಶ ಕೆಂಪಾಯಿತು. ಆಗ ಒಳಗೆ ಮಗು ಮೊದಲ ಸಲ ಮಿಸುಕಿತು. ಒದ್ದಂತಿರಲಿಲ್ಲ. ಯಾರೋ ಕಿಟಕಿಯ ಕಡೆಗೆ ಹೊರಳಿದಂತಿತ್ತು. ಅವಳು ಸಂತೋಷಕ್ಕೆ ಅತ್ತಳು, ಅಳುತ್ತಲೇ ಕಿಟಕಿ ಮುಚ್ಚಿದಳು.

ಹುಟ್ಟಿದ್ದು ಹೆಣ್ಣು. ಗುಂಡುಗುಂಡಾಗಿ, ಹಸಿವಿಗೆ ಊರು ಎಬ್ಬಿಸುವಂತೆ ಅಳುವ ಹೆಣ್ಣು. ಯೆನ್ ಎಂದು ಹೆಸರಿಟ್ಟರು, ಸೂ ಪೆಕ್ ಕೊಟ್ಟ ಕೆಂಪು ದಾರವನ್ನು ಕೈಗೆ ಕಟ್ಟಿದರು. ಅತ್ತೆ ಮೊಟ್ಟೆಗೆ ಕೆಂಪು ಬಣ್ಣ ಹಾಕಿ ಬೀದಿಗೆಲ್ಲ ಹಂಚಿದಳು. ಮೂರು ತಿಂಗಳು ಕಳೆದ ಮೇಲೆ ಫೈಕ್ ಸೀಗೆ ಒಂದು ಕಂಡಿತು. ಕಾಣದಿದ್ದರೆ ಅವಳು ಫೈಕ್ ಸೀಯೇ ಅಲ್ಲ. ಮಗು ಅವಳ ಮುಖ ನೋಡುತ್ತಿರಲಿಲ್ಲ. ಹಾಲು ಕುಡಿಯುವಾಗ, ಆಡಿಸುವಾಗ, ಅದರ ಕಣ್ಣು ಅವಳ ಮುಖದಿಂದ ಒಂದು ಬೆರಳಿನಷ್ಟು ತಪ್ಪಿ, ಸ್ವಲ್ಪ ಮೇಲಕ್ಕೆ, ಕಿವಿಯ ಪಕ್ಕದಲ್ಲಿ ನಿಂತಿರುತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ಮಗು ಆ ಏನೂ ಇಲ್ಲದ ಜಾಗವನ್ನು ನೋಡಿ ಒಮ್ಮೊಮ್ಮೆ ನಗುತ್ತಿತ್ತು.

ಪೆನಾಂಗಿನ ಕಣ್ಣಿನ ಡಾಕ್ಟರು ಪುಟ್ಟ ಟಾರ್ಚು ಹಿಡಿದು, ಗಿಲಕಿ ಆಡಿಸಿ ನೋಡಿದರು. ಕಣ್ಣು ಸರಿಯಿದೆ, ನರ ಸರಿಯಿದೆ, ಗಿಲಕಿಯನ್ನು ನೆಟ್ಟಗೆ ನೋಡುತ್ತದೆ ಎಂದರು. “ನನ್ನ ಮಾತ್ರ ನೋಡಲ್ಲ ಡಾಕ್ಟ್ರೇ,” ಎಂದಳು. ಅವರು ತಾಯಂದಿರ ಆತಂಕದ ಬಗ್ಗೆ ಎರಡು ಒಳ್ಳೆಯ ಮಾತು ಹೇಳಿ ಕಳಿಸಿದರು.

ಇದಕ್ಕಿಂತ ದೊಡ್ಡ ದುಃಖ ಬೇರೆಯವರಿಗಿಲ್ಲವೇ, ಇದೆ. ಮಗು ಉಳಿಯಿತಲ್ಲ ಎಂದು ಅವಳೂ ಸಮಾಧಾನ ಮಾಡಿಕೊಂಡಳು. ಆದರೆ ಹೆತ್ತವಳ ಮುಖ ಬಿಟ್ಟು ಪಕ್ಕದ ಗಾಳಿಗೆ ನಗುವ ಮಗುವನ್ನು ದಿನಾ ಎತ್ತಿಕೊಳ್ಳುವುದು ಏನೆಂದು ಎತ್ತಿಕೊಂಡವಳಿಗೇ ಗೊತ್ತು. ಮೊದಮೊದಲು ಮಗುವಿನ ಗಲ್ಲ ಹಿಡಿದು ಮೆಲ್ಲಗೆ ತನ್ನ ಕಡೆ ತಿರುಗಿಸುತ್ತಿದ್ದಳು. ತಿರುಗಿಸಿದಷ್ಟೇ ಕಣ್ಣು ಅತ್ತ ಹೋಗುತ್ತಿತ್ತು. ಕೊನೆಗೊಂದು ದಿನ ಅವಳು ತಾನೇ ಜರುಗಿದಳು. ತಲೆಯನ್ನು ಸ್ವಲ್ಪ ಓರೆಮಾಡಿ, ಮೇಲಕ್ಕೆತ್ತಿ, ಮಗು ನೋಡುವ ಜಾಗಕ್ಕೆ ತನ್ನ ಮುಖವನ್ನು ತಂದು ನಿಲ್ಲಿಸಿದಳು. ಓರೆ ಕಂಡರೆ ಆಗದ ಫೈಕ್ ಸೀ ಅಂದಿನಿಂದ ಕತ್ತು ಓರೆ ಮಾಡಿಕೊಂಡೇ ಮಗುವಿಗೆ ಹಾಲೂಡಿಸಿದಳು. ಕತ್ತು ನೋವು ಬಂತು. ಗಂಡ ಎಣ್ಣೆ ಹಚ್ಚಿ ತಿಕ್ಕುತ್ತಿದ್ದ. ಆ ಜಾಗದಲ್ಲಿ ಮುಖವಿಟ್ಟಾಗ ಒಮ್ಮೊಮ್ಮೆ ಕೆನ್ನೆಗೆ ಊದುಬತ್ತಿಯ ಬಿಸಿ ತಾಗಿದಂತಾಗುತ್ತಿತ್ತು. ಅದನ್ನು ಅವಳು ಅವನಿಗೆ ಹೇಳಲಿಲ್ಲ.

ಏಳನೆಯ ತಿಂಗಳು ಮತ್ತೆ ಬಂತು. ಖೋರ್ ತೌಕೆಯ ಕೋಪ ಇಳಿದಿತ್ತು. ಮೀನಿನ ವ್ಯಾಪಾರ ಆ ವರ್ಷ ಚೆನ್ನಾಗಿತ್ತಂತೆ. “ಸಾಕುಮಗಳನ್ನ ಕರ್ಕೊಂಡ್ ಬಾರಮ್ಮ, ಹೊರಗ್ಯಾಕೆ ನಿಂತೆ,” ಎಂದು ತಾನೇ ದಾರಿ ಬಿಡಿಸಿದ. ಹೊಸ ದೊರೆ ನಿಂತಿದ್ದ. ಹೊಸ ಬಿದಿರು, ಹೊಸ ನಾಲಗೆ, ಕಣ್ಣಿಗೆ ಕೆಂಪು ಬಟ್ಟೆ. ಈ ಸಲ ಯಾರೂ ಅದನ್ನು ಮುಟ್ಟಿರಲಿಲ್ಲ. ಬಟ್ಟೆ ಕಟ್ಟಿದ ಆ ಮುಖವನ್ನು ಮಗು ಒಂದು ಕೂದಲೆಳೆ ತಪ್ಪದೆ ನೆಟ್ಟಗೆ ನೋಡುತ್ತಿತ್ತು.

ಸೂ ಪೆಕ್ ಕನ್ನಡಿ ಎತ್ತಿದ. “ಪಕ್ಕಕ್ಕೆ ಬಾಮ್ಮ, ಕನ್ನಡಿ ಹಿಂದೆ ನಿಂತ್ಕೊ,” ಎಂದ. ಅವಳು ಮಗುವನ್ನು ಎದೆಗೊತ್ತಿಕೊಂಡು ನಿಂತಳು. ಅಭ್ಯಾಸದಂತೆ ಕತ್ತು ಓರೆಯಾಗಿತ್ತು. ಪುರೋಹಿತ ಬಟ್ಟೆ ಬಿಚ್ಚಿ, ಪಕ್ಕದಲ್ಲಿ ನಿಂತು ಕೈ ಚಾಚಿ, ಎಡಗಣ್ಣಿಗೆ ಒಂದು ಬೊಟ್ಟಿಟ್ಟ, ಬಲಗಣ್ಣಿಗೆ ಒಂದು.

ಮಗುವಿನ ಮೈ ಒಮ್ಮೆ ಸಡಿಲವಾಯಿತು, ನಿದ್ದೆ ಹತ್ತಿದಂತೆ. ಅವಳು ಹೆದರಿ ಕೆಳಗೆ ನೋಡಿದಳು. ಯೆನ್ ರೆಪ್ಪೆ ಬಡಿದು ತಲೆಯೆತ್ತಿ, ತಾಯಿಯ ಓರೆ ಕತ್ತನ್ನು ಬಿಟ್ಟು, ಮುಖ ನಿಜವಾಗಿ ಎಲ್ಲಿ ಇರಬೇಕೋ ಅಲ್ಲಿ ನೋಡಿತು. ಅಲ್ಲಿ ಮುಖ ಕಾಣದೆ ಕಕ್ಕಾಬಿಕ್ಕಿಯಾಗಿ ಹುಡುಕಿತು. ಫೈಕ್ ಸೀ ಕತ್ತು ನೇರ ಮಾಡಿದಳು. ಮಗು ಅವಳ ಎರಡು ಕಣ್ಣನ್ನೂ ನೆಟ್ಟಗೆ ನೋಡಿತು, ಪರಿಚಯವಿಲ್ಲದವರನ್ನು ನೋಡುವ ಹಾಗೆ, ಮೊದಲ ಸಲ ನೋಡುವ ಹಾಗೆ. ಆಮೇಲೆ ತುಟಿ ಸೊಟ್ಟ ಮಾಡಿ ಅಳತೊಡಗಿತು.

“ಅಮ್ಮ ಕಣೇ,” ಎಂದಳು ಫೈಕ್ ಸೀ. “ನಾನೇ ನಿನ್ನಮ್ಮ.” ಅವಳೂ ಅಳುತ್ತಿದ್ದಳು. ಮೇಲೆ ಏಣಿಯ ಪಕ್ಕ ಹೊಸದಾಗಿ ತೆರೆದ ಕಣ್ಣು ಕನ್ನಡಿಯನ್ನು ನೋಡುತ್ತಿತ್ತು. ದೊರೆ ತನ್ನ ಹೊಸ ಮೈಗೆ ಬಂದಾಗಿತ್ತು. ಹಾಗಾದರೆ ಇಷ್ಟು ದಿನ ತನ್ನ ಮಡಿಲಲ್ಲಿ ಮಲಗಿ, ಹಾಲು ಕುಡಿಯುತ್ತಾ, ತನ್ನ ಕಿವಿಯ ಪಕ್ಕ ನೋಡಿ ನಗುತ್ತಿದ್ದದ್ದು ಯಾರು ಎಂದು ಅವಳು ಸೂ ಪೆಕ್‌ನನ್ನು ಕೇಳಲಿಲ್ಲ. ಕೋಕ್ ಲಿಯಾಂಗ್ ಮಗುವಿನ ಕೈಯಿಂದ ಹಳೆಯ ದಾರ ಬಿಚ್ಚಿದ. ಅವಳು ಹೊಸದನ್ನು ಕಟ್ಟಿದಳು.